ಬೆಳಗಿನ ಮೊದಲ ಸೆಲ್ಫ್

(ಹಳೆಯ ಡೀಸೆಲ್ ಕಾರು ಇಟ್ಟುಕೊಂಡವರ ಮುಂದೆ ಸಕಲೇಶಪುರದಲ್ಲಿ ಜನವರಿಯ ಒಂದು ಬೆಳಿಗ್ಗೆ ಆಡಿದ ಮಾತಿನ ಬರಹ ರೂಪ. ಅಂಗಳದಲ್ಲಿ ಮಾಡಿ ತೋರಿಸಿದ್ದನ್ನೂ ಕೇಳಿದ ಪ್ರಶ್ನೆಗಳನ್ನೂ ನೆನಪಿದ್ದಷ್ಟು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಯಾರಾದರೂ ಭಾಷಣ ಇಟ್ಟುಕೊಳ್ತಾರಾ ಅಂತ ಇಲ್ಲಿಯವರೇ ನನ್ನನ್ನು ಕೇಳಿದರು. ಸಂಜೆ ನಾಲ್ಕಕ್ಕೆ ಇಡೋಣ ಮೇಷ್ಟ್ರೇ, ಬೋಂಡಾ ಕಾಫಿ ಮಾಡಿಸ್ತೀವಿ ಅಂದರು. ಬೋಂಡಾದ ಆಸೆ ನನಗೂ ಇತ್ತು. ಆದರೆ ಬೆಳಗಿನ ಚಳಿಗೆ ಗಾಡಿ ಸ್ಟಾರ್ಟ್ ಆಗದೆ ಸತಾಯಿಸೋ ಈ ಕಾಯಿಲೆ ಸಂಜೆ ನಾಲ್ಕಕ್ಕೆ ಕಾಣಿಸೋದಿಲ್ಲ. ಅದಕ್ಕೇ ನಿನ್ನೆ ಸಂಜೆಯೇ ಒಂದು ಕಾರು ತರಿಸಿ ಹೊರಗೆ ಅಂಗಳದಲ್ಲಿ ನಿಲ್ಲಿಸಿದ್ದೇನೆ. ಇಪ್ಪತ್ತು ವರ್ಷ ದಾಟಿದ ಗಾಡಿ. ರಾತ್ರಿಯೆಲ್ಲ ಮಂಜು ಕುಡಿದು ಕೂತಿದೆ. ಕೀ ನನ್ನ ಜೇಬಿನಲ್ಲಿದೆ, ಯಾರೂ ಮುಟ್ಟಿಲ್ಲ. ಮಾಲೀಕರು ಮೂರನೇ ಸಾಲಿನಲ್ಲಿದ್ದಾರೆ, ಹೆಸರು ಹೇಳಬೇಡಿ ಅಂದಿದ್ದಾರೆ. ದಿನಾ ಬೆಳಿಗ್ಗೆ ಆಳುಗಳ ಕೈಲಿ ಗಾಡಿ ತಳ್ಳಿಸೋದು ಊರಿಗೆ ಗೊತ್ತಾಗಬಾರದಂತೆ.

ನಾನು ಐಟಿಐಯಲ್ಲಿ ಮೆಕ್ಯಾನಿಕ್ ಡೀಸೆಲ್ ಟ್ರೇಡ್ ಕಲಿಸಿದವನು. ಆ ಕೆಲಸದಲ್ಲಿ ನಾನು ಕೇಳಿದಷ್ಟು ಬೇರೆ ಯಾರೂ ಕೇಳಿರಲಾರರು ಅನ್ನಿಸುವ ಒಂದು ಮಾತಿದೆ: "ನೋಡಿ ಸರ್, ಈಗ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗ್ತಿದೆ!" ಗ್ಯಾರೇಜಿಗೆ ತಂದ ಗಾಡಿಯ ಮುಂದೆ ನಿಂತು ಮಾಲೀಕ ಹೇಳೋದು ಇದು, ಸುಳ್ಳು ಹೇಳಿ ಸಿಕ್ಕಿಬಿದ್ದವನ ಮುಖ ಮಾಡಿಕೊಂಡು. ಬೆಳಿಗ್ಗೆ ಆರಕ್ಕೆ ಗಾಡಿ ಸತಾಯಿಸುತ್ತೆ. ಹೇಗೋ ತಳ್ಳಿಯೋ ಇಳಿಜಾರಿಗೆ ಬಿಟ್ಟೋ ಎಬ್ಬಿಸ್ತೀರಿ. ಇಪ್ಪತ್ತು ಕಿಲೋಮೀಟರ್ ಓಡಿಸಿಕೊಂಡು ಹನ್ನೊಂದಕ್ಕೆ ಗ್ಯಾರೇಜ್ ಮುಟ್ಟೋ ಹೊತ್ತಿಗೆ ಎಂಜಿನ್ ಕಾದ ಹೆಂಚಾಗಿರುತ್ತೆ. ಮೆಕ್ಯಾನಿಕ್ ಕೀ ತಿರುಗಿಸ್ತಾನೆ, ಟಕ್ಕಂತ ಸ್ಟಾರ್ಟ್. ಕಾಯಿಲೆ ನೋಡದೆ ಅವನು ಔಷಧ ಕೊಡಬೇಕು. ಕೊಡ್ತಾನೆ ಪಾಪ: ಮೊದಲು ಬ್ಯಾಟರಿ, ಆಮೇಲೆ ಸೆಲ್ಫ್ ಮೋಟರ್, ಆಮೇಲೆ ಡೀಸೆಲ್ ಚಿಮ್ಮಿಸೋ ನಾಝಲ್, ಕೊನೆಗೆ ನಾಝಲ್‌ಗೆ ಡೀಸೆಲ್ ಒತ್ತಿ ಕಳಿಸೋ ಪಂಪ್. ಒಂದೊಂದಾಗಿ ಬದಲಾಯಿಸ್ತಾ ಹೋದರೆ ಯಾವುದಾದರೂ ಒಂದು ಸರಿಹೋಗಲೇಬೇಕಲ್ಲ. ಅಷ್ಟರಲ್ಲಿ ನಿಮ್ಮ ಜೇಬು ಖಾಲಿ.

ಬೆಳಿಗ್ಗೆ ಆರು ಗಂಟೆಗೆ ಏನು ನಡೀತು ಅನ್ನೋದಕ್ಕೆ ಸಾಕ್ಷಿ ಅಂತ ಇರೋದು ನೀವೊಬ್ಬರೇ. ಇವತ್ತು ನಾನು ಹೇಳಿಕೊಡೋದು ರಿಪೇರಿಗಿಂತ ಹೆಚ್ಚಾಗಿ ಸಾಕ್ಷಿ ಹೇಳೋದು ಹೇಗೆ ಅನ್ನೋದನ್ನ.

ಮೊದಲು ಎಂಜಿನ್ ಒಳಗೆ ಏನಾಗಬೇಕು ಅನ್ನೋದು ಸ್ವಲ್ಪ ಗೊತ್ತಿರಲಿ. ಸೈಕಲ್ಲಿಗೆ ಗಾಳಿ ಹೊಡೆದಿದ್ದೀರಲ್ಲ, ಪಂಪಿನ ಬುಡ ಮುಟ್ಟಿದರೆ ಬಿಸಿ. ಗಾಳಿಯನ್ನ ಅದುಮಿದರೆ ಅದು ಕಾಯುತ್ತೆ. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಕೊಡೋಕೆ ಸ್ಪಾರ್ಕ್ ಪ್ಲಗ್ ಇದೆ. ಡೀಸೆಲ್ಲಿಗೆ ಅದಿಲ್ಲ. ಬರೀ ಗಾಳಿಯನ್ನ ಒಳಗೆಳೆದು, ಮಿಸುಕಾಡದ ಹಾಗೆ ಅದುಮಿ, ಆ ಕಾವಿಗೆ ಡೀಸೆಲ್ ಚಿಮ್ಮಿಸಿದರೆ ತಾನಾಗಿ ಹೊತ್ತಿಕೊಳ್ಳಬೇಕು. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ್ದು ಇದನ್ನೇ. ಅಂಬಾಸಿಡರ್ ಡೀಸೆಲ್, 1998ರ ಕೊನೆಗೆ ಬಂದ ಇಂಡಿಕಾ, ಪ್ಯೂಜೋ ಎಂಜಿನ್ ಹಾಕಿಕೊಂಡು ಬಂದ ಝೆನ್ ಡೀಸೆಲ್, ಎಸ್ಟೀಮ್ ಡೀಸೆಲ್, ಇವೆಲ್ಲ ಐಡಿಐ, ಅಂದರೆ ಇನ್‌ಡೈರೆಕ್ಟ್ ಇಂಜೆಕ್ಷನ್ ಅನ್ನುವ ಜಾತಿಯವು. ಡೀಸೆಲ್ ನೇರವಾಗಿ ಪಿಸ್ಟನ್ ಮೇಲೆ ಬೀಳೋದಿಲ್ಲ. ಸಿಲಿಂಡರ್ ಮೇಲಿನ ಮುಚ್ಚಳದಲ್ಲಿ, ಅಂದರೆ ಹೆಡ್ಡಿನಲ್ಲಿ, ಒಂದು ಪುಟ್ಟ ಗುಳಿ ಇರುತ್ತೆ, ಅದರೊಳಗೆ ಬೀಳುತ್ತೆ. ಗಾಳಿಯನ್ನ ಹೆಚ್ಚುಕಡಿಮೆ 21ರಿಂದ 23ನೇ ಒಂದು ಪಾಲಿಗೆ ಅದುಮ್ತವೆ. ಪೆಟ್ರೋಲ್ ಎಂಜಿನ್ನಿನಲ್ಲಿ ಇದು 9, 10 ಅಷ್ಟೆ.

ತೊಂದರೆ ಎಲ್ಲಿ ಅಂದರೆ, ಆ ಗುಳಿಯ ಗೋಡೆ ಬೆಳಿಗ್ಗೆ ತಣ್ಣಗಿರುತ್ತೆ. ಅದುಮಿ ಹುಟ್ಟಿಸಿದ ಕಾವನ್ನ ಗೋಡೆಯೇ ಹೀರಿಕೊಂಡುಬಿಡುತ್ತೆ. ಅದಕ್ಕೇ ಗುಳಿಯೊಳಗೆ ಬೆರಳಿನ ತುದಿಯಷ್ಟು ಒಂದು ಕೆಂಡ ಇಟ್ಟಿರ್ತಾರೆ. ನಾವು ಹೀಟರ್ ಪ್ಲಗ್ ಅನ್ನೋದು ಅದನ್ನೇ. ಕರೆಂಟ್ ಕೊಟ್ಟ ಕೆಲವೇ ಸೆಕೆಂಡಿಗೆ ತುದಿ 800 ಡಿಗ್ರಿ ದಾಟಿ ಕೆಂಪಗಾಗುತ್ತೆ. ಸಕಲೇಶಪುರದಲ್ಲಿ ಹಿಮ ಬೀಳಲ್ಲ ನಿಜ. ಆದರೆ ಐಡಿಐ ಎಂಜಿನ್ನಿಗೆ ಹಿಮವೇ ಬೇಕಾಗಿಲ್ಲ, ನಮ್ಮ 14, 15 ಡಿಗ್ರಿಯ ಬೆಳಗೇ ಸಾಕು.

ಹಾಗಾಗಿ ಬೇಕಾಗಿರೋದು ಮೂರೇ. ಗಾಳಿ ಅದುಮೋಕೆ ಎಂಜಿನ್ ರಭಸವಾಗಿ ತಿರುಗಬೇಕು, ಕಾವು ಹುಟ್ಟಬೇಕು, ಡೀಸೆಲ್ ಬರಬೇಕು. ಮೂರರಲ್ಲಿ ಯಾವುದು ಕೈಕೊಟ್ಟಿತು ಅಂತ ಹೇಳೋಕೆ ಸ್ಕ್ಯಾನರ್ ಬೇಡ. ಇಬ್ಬರು ಮನುಷ್ಯರು ಸಾಕು. ಒಬ್ಬರು ಕೀ ತಿರುಗಿಸಲಿ, ಇನ್ನೊಬ್ಬರು ಸೈಲೆನ್ಸರ್ ಹಿಂದೆ ನಿಲ್ಲಲಿ.

ಬನ್ನಿ, ಹೊರಗೆ ಹೋಗೋಣ. ಕುರ್ಚಿ ಅಲ್ಲೇ ಇರಲಿ.

(ಅಂಗಳದಲ್ಲಿ)

ಸುಮ್ಮನಿರಿ ಒಂದು ನಿಮಿಷ, ಕಿವಿ ಕೊಡಿ. ಕೀ ಆನ್ ಮಾಡಿದೆ. ಮೀಟರ್ ಬೋರ್ಡಿನಲ್ಲಿ ಸುರುಳಿಯಂಥ ಹಳದಿ ದೀಪ ಬಂತು. ಹೋಯ್ತು. ಈಗ ಸೆಲ್ಫ್.

ಕೇಳಿದಿರಾ? ರುರ್ ರುರ್ ರುರ್ ಅಂತ ಜೋರಾಗೇ ತಿರುಗ್ತಿತ್ತು. ಊಂ... ಊಂ... ಅಂತ ಎಳೀಲಿಲ್ಲ. ಅಂದರೆ ಬ್ಯಾಟರಿ, ಸೆಲ್ಫ್ ಮೋಟರ್ ಎರಡೂ ಬಚಾವ್. ಹಿಂದೆ ನಿಂತವರು ಹೇಳಿ, ಏನು ಕಂಡಿರಿ? ಬಿಳಿ ಹೊಗೆ. ಕಣ್ಣು ಉರೀತಾ? ಉರೀಬೇಕು. ಅದು ಹೊಗೆಯಲ್ಲ, ಸುಡದೇ ಇರೋ ಡೀಸೆಲ್ಲಿನ ಮಂಜು. ಹನ್ನೆರಡು ಸೆಕೆಂಡ್ ಸೆಲ್ಫ್ ಹೊಡೆದ ಮೇಲೆ ಒಂದು ಸಿಲಿಂಡರ್ ಕೆಮ್ಮಿತು, ಆಮೇಲೆ ಎರಡು, ಗಾಡಿ ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿತು, ಒಂದು ನಿಮಿಷಕ್ಕೆ ಸಮಾಧಾನಕ್ಕೆ ಬಂತು. ಹೊಗೆಯೂ ನಿಂತಿತು.

ಇಷ್ಟೇ ಸಾಕ್ಷಿ. ಇಷ್ಟರಲ್ಲಿ ಅರ್ಧ ಕೇಸು ಇತ್ಯರ್ಥ. ಬಿಳಿ ಹೊಗೆ ಬಂತು ಅಂದರೆ ಡೀಸೆಲ್ ಒಳಗೆ ಬೀಳ್ತಿದೆ, ಹೊತ್ತಿಕೊಳ್ತಿಲ್ಲ. ಪಂಪ್ ಬಿಚ್ಚೋ ಮಾತು ಸದ್ಯಕ್ಕೆ ಬೇಡ. ಕಾವು ಸಾಲ್ತಿಲ್ಲ ಅಷ್ಟೆ. ಒಂದು ವೇಳೆ ಸೆಲ್ಫ್ ಹೊಡೆಯೋವಾಗ ಸೈಲೆನ್ಸರಿನಲ್ಲಿ ಹೊಗೆಯೇ ಇಲ್ಲ, ವಾಸನೆಯೂ ಇಲ್ಲ ಅಂದಿದ್ದರೆ? ಆಗ ಡೀಸೆಲ್ ಬರ್ತಾ ಇಲ್ಲ ಅಂತ ಅರ್ಥ, ಹೀಟರ್ ಪ್ಲಗ್ ಎಷ್ಟು ಬದಲಾಯಿಸಿದರೂ ಪ್ರಯೋಜನ ಇಲ್ಲ. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ಎಷ್ಟು ಜನ ಎಷ್ಟು ದುಡ್ಡು ಸುರಿದಿದ್ದಾರೆ ಅಂತ ನಾನು ನೋಡಿದ್ದೇನೆ. ಸುರಿದವರಲ್ಲಿ ನಾನೂ ಒಬ್ಬ, ಆ ಕತೆ ಆಮೇಲೆ ಹೇಳ್ತೇನೆ.

"ಹೀಟರ್ ದೀಪ ಬಂದು ಹೋಯ್ತಲ್ಲ ಸರ್, ಹೀಟರ್ ಸರಿ ಇದೆ ಅಂತಲ್ಲವಾ?"

ಒಳ್ಳೇದು ಕೇಳಿದಿರಿ. ಇದೊಂದು ದೊಡ್ಡ ಭ್ರಮೆ. ಹಳೆಯ ಗಾಡಿಗಳಲ್ಲಿ ಆ ದೀಪಕ್ಕೆ ಬರೀ ಟೈಮರ್ ಲೆಕ್ಕ. ಎಂಜಿನ್ ಎಷ್ಟು ತಣ್ಣಗಿದೆ ಅಂತ ನೋಡಿ ಇಷ್ಟು ಸೆಕೆಂಡ್ ಉರಿಯುತ್ತೆ, ಆರುತ್ತೆ. ನಾಲ್ಕೂ ಪ್ಲಗ್ ಸತ್ತಿದ್ದರೂ ಅದು ತನ್ನ ಪಾಡಿಗೆ ಬಂದು ಹೋಗುತ್ತೆ.

ಬಾನೆಟ್ ಎತ್ತಿ. ಇಲ್ಲಿ ನಾಲ್ಕು ನಾಝಲ್, ಅದರ ಪಕ್ಕ ನಾಲ್ಕು ಹೀಟರ್ ಪ್ಲಗ್. ನಾಲ್ಕರ ತಲೆಗೂ ಸೇರಿಸಿ ಒಂದು ತಗಡಿನ ಪಟ್ಟಿ. ರಿಲೇಯಿಂದ, ಅಂದರೆ ಪ್ಲಗ್‌ಗಳಿಗೆ ಕರೆಂಟ್ ಬಿಡೋ ಸ್ವಿಚ್‌ನಿಂದ, ಬರೋ ದಪ್ಪ ವೈರ್ ಈ ಪಟ್ಟಿಗೆ ಬಂದು ಸೇರುತ್ತೆ. ಮೀಟರ್ ಇಟ್ಟು ನೋಡ್ತೇನೆ, ನೀವು ಕೀ ಆನ್ ಮಾಡಿ. ಹನ್ನೊಂದು ಚಿಲ್ಲರೆ ವೋಲ್ಟ್ ಬಂತು. ರಿಲೇ ಸರಿ ಇದೆ, ಫ್ಯೂಸ್ ಸರಿ ಇದೆ. ಇದೇ ಸೊನ್ನೆ ತೋರಿಸಿದ್ದರೆ ಪ್ಲಗ್ ಕಡೆ ತಲೆನೇ ಹಾಕದೆ ರಿಲೇ ನೋಡಬೇಕಿತ್ತು. ಈಗ ಕೀ ಆಫ್. ಪಟ್ಟಿಯ ನಟ್ ಬಿಚ್ಚಿ ಪಟ್ಟಿ ತೆಗೆದೆ. ನೋಡಿ, ನಟ್ ಒಳಗೆ ಬಿದ್ದರೆ ಹುಡುಕೋಕೆ ಅರ್ಧ ದಿನ, ಅದಕ್ಕೇ ಬಿಚ್ಚೋವಾಗ ಕೆಳಗೆ ಬಟ್ಟೆ ಹಾಸಿಕೊಳ್ಳಿ.

ಇದು ಹಳೇ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಬೆಸೆದು ನಾನೇ ಮಾಡಿಕೊಂಡ ಟೆಸ್ಟ್ ಲ್ಯಾಂಪ್. ಒಂದು ವೈರ್ ಬ್ಯಾಟರಿಯ ಪ್ಲಸ್ಸಿಗೆ. ಇನ್ನೊಂದನ್ನ ಒಂದೊಂದೇ ಪ್ಲಗ್ಗಿನ ತಲೆಗೆ ಮುಟ್ಟಿಸ್ತೇನೆ. ಒಂದನೇದು, ಬಲ್ಬ್ ಉರೀತು. ಎರಡನೇದು, ಇಲ್ಲ. ಮೂರನೇದು, ಇಲ್ಲ. ನಾಲ್ಕನೇದು, ಉರೀತು. ಉರಿಯದೆ ಇರೋ ಎರಡರಲ್ಲೂ ಒಳಗಿನ ತಂತಿ ಕಡಿದುಹೋಗಿದೆ. ನಾಲ್ಕು ಒಲೆಯಲ್ಲಿ ಎರಡು ಒಲೆಗೆ ಬೆಂಕಿಯಿಲ್ಲ, ಅದಕ್ಕೇ ಆ ಕೆಮ್ಮು, ಆ ನಡುಕ. ಮಲ್ಟಿಮೀಟರ್ ಇದ್ದವರು ಓಮ್‌ನಲ್ಲಿಟ್ಟು ಅಳೆಯಬಹುದು. ಒಳ್ಳೇ ಪ್ಲಗ್ ಹೆಚ್ಚುಕಡಿಮೆ ಒಂದು ಓಮ್ ಆಚೀಚೆ ತೋರಿಸುತ್ತೆ. ಒಂದೊಂದು ಪ್ಲಗ್ಗೂ 10ರಿಂದ 15 ಆಂಪ್ ಕುಡಿಯೋ ಪೈಲ್ವಾನ, ಹಾಗಾಗಿ ವೈರಿನ ತುದಿ ಕಪ್ಪಾಗಿದೆಯಾ, ನಟ್ ಸಡಿಲ ಆಗಿದೆಯಾ ಅನ್ನೋದನ್ನೂ ನೋಡಿ.

ಬದಲಾಯಿಸೋವಾಗ ನಾಲ್ಕನ್ನೂ ಬದಲಾಯಿಸಿ. ಉಳಿದೆರಡೂ ಇವುಗಳ ವಾರಿಗೆಯವೇ, ಹೆಚ್ಚು ದಿನ ಇರಲ್ಲ. ಆದರೆ ಬಿಚ್ಚೋದರಲ್ಲಿ ಆತುರ ಬೇಡ. ಹತ್ತು ಹದಿನೈದು ವರ್ಷ ಅಲುಗಾಡದೆ ಕೂತ ಪ್ಲಗ್ ಮಸಿ ಕಟ್ಟಿ ಹೆಡ್ಡಿಗೆ ಅಂಟಿಕೊಂಡಿರುತ್ತೆ. ಸ್ಪ್ಯಾನರ್ ಹಾಕಿ ಮೈಮೇಲೆ ದೆವ್ವ ಬಂದ ಹಾಗೆ ತಿರುಗಿಸಿದರೆ ಅರ್ಧ ಕೈಗೆ ಬರುತ್ತೆ, ಅರ್ಧ ಒಳಗೇ ಉಳಿಯುತ್ತೆ. ಆಮೇಲೆ ಹೆಡ್ಡೇ ಇಳಿಸಬೇಕಾದೀತು. ಹಿಂದಿನ ದಿನವೇ ಬುಡಕ್ಕೆ ತುಕ್ಕು ಬಿಡಿಸೋ ಎಣ್ಣೆ ಬಿಡಿ. ಎಂಜಿನ್ ಬಿಸಿ ಇದ್ದಾಗ ಬಿಚ್ಚಿ. ಕಾಲು ಸುತ್ತು ಬಿಚ್ಚಿ, ಮತ್ತೆ ಸ್ವಲ್ಪ ಬಿಗಿ ಮಾಡಿ, ಮತ್ತೆ ಬಿಚ್ಚಿ. ಹಳೇ ಗೋಡೆಯಿಂದ ಮೊಳೆ ತೆಗೆದವರಿಗೆ ಇದು ಗೊತ್ತಿರುತ್ತೆ.

ಚಳಿ ಆಗ್ತಿದೆ, ಒಳಗೆ ಹೋಗೋಣ.

(ಮತ್ತೆ ಒಳಗೆ)

ಈಗ ನನ್ನ ಕತೆ. ನನ್ನ ಹತ್ತಿರವೂ ಒಂದು ಡೀಸೆಲ್ ಕಾರಿತ್ತು. ಬೆಳಿಗ್ಗೆ ಸೆಲ್ಫ್ ಹೊಡೆದರೆ ಎರಡು ಸೆಕೆಂಡ್ ಚಂದವಾಗಿ ಓಡಿ ದಪ್ಪಂತ ಆಫ್. ಆಮೇಲೆ ಅರ್ಧ ನಿಮಿಷದ ತನಕ ಎಷ್ಟು ಸೆಲ್ಫ್ ಹೊಡೆದರೂ ಹೊಗೆಯೇ ಇಲ್ಲ. ಆಮೇಲೆ ಬರುತ್ತೆ. ಒಂದು ಸಲ ಬಂದ ಮೇಲೆ ಇಡೀ ದಿನ ತಕರಾರಿಲ್ಲ. ಕ್ಲಾಸಿನಲ್ಲಿ ನಾನು ಹುಡುಗರಿಗೆ ಇದನ್ನ ಪಾಠ ಮಾಡಿದ್ದವನು. ಆದರೆ ಸ್ವಂತ ಗಾಡಿ ಅಂದ ತಕ್ಷಣ ಬುದ್ಧಿ ಓಡಲ್ಲ. ಒಂದು ಗ್ಯಾರೇಜಿನವರು ಪಂಪ್ ಹೋಗಿದೆ ಅಂದರು, ನಂಬಿದೆ. ಪಂಪ್ ಇಳಿಸಿ, ಪಂಪ್ ರಿಪೇರಿ ಮಾಡೋ ಪಂಪ್ ರೂಮಿಗೆ ಕಳಿಸಿ, ಹೊಸ ಸೀಲ್ ಹಾಕಿಸಿ ಓವರ್‌ಹಾಲ್ ಮಾಡಿಸಿಕೊಂಡು ತಂದರು. ಬಿಲ್ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ. ಮಾರನೇ ದಿನ ಬೆಳಿಗ್ಗೆ ಮತ್ತೆ ಅದೇ ರಾಗ ಅದೇ ತಾಳ.

ನನ್ನ ಮನೆಯವಳು ಕಾಫಿ ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತು ದಿನಾ ಈ ತಮಾಷೆ ನೋಡ್ತಿದ್ದಳು. ಒಂದು ದಿನ ಅಂದಳು: "ಅಲ್ಲಾರೀ, ಗಾಡಿ ಮೂತಿ ಕೆಳಗೆ ಮಾಡಿ ಇಳಿಜಾರಲ್ಲಿ ನಿಲ್ಸಿದ ದಿನ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಲ್ಲ, ಅದ್ಯಾಕೆ?"

ಅಲ್ಲಿಗೆ ಮುಗೀತು. ಅವಳು ಐಟಿಐ ಮೆಟ್ಟಿಲು ಹತ್ತಿದವಳಲ್ಲ, ಡೀಸೆಲ್ ಎಂಜಿನ್ ಒಳಗೆ ಏನಿದೆ ಅಂತ ಅವಳಿಗೆ ಬೇಕಾಗೂ ಇರಲಿಲ್ಲ. ಆದರೆ ದಿನಾ ನೋಡ್ತಿದ್ದಳು. ಮೂತಿ ಕೆಳಗಿದ್ದ ದಿನ ಹಿಂದಿನ ಟ್ಯಾಂಕ್ ಮೇಲಿರುತ್ತೆ, ಎಂಜಿನ್ ಕೆಳಗಿರುತ್ತೆ. ಪೈಪಿನಲ್ಲಿರೋ ಡೀಸೆಲ್ ರಾತ್ರಿ ಹಿಂದಕ್ಕೆ ಹರಿಯೋಕೆ ದಾರಿ ಇಲ್ಲ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿದರೆ ಎಲ್ಲೋ ಒಂದು ಕಡೆಯಿಂದ ಗಾಳಿ ನುಸುಳಿ, ಪೈಪಿನ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ವಾಪಸ್. ಬೆಳಿಗ್ಗೆ ಪಂಪಿನೊಳಗೆ ಉಳಿದ ಗುಟುಕಿಗೆ ಎರಡು ಸೆಕೆಂಡ್ ಓಡಿ ನಿಲ್ಲುತ್ತೆ. ಮೆಕ್ಯಾನಿಕ್‌ಗಳು 'ಏರ್ ಹಿಡಿದಿದೆ' ಅನ್ನೋದು ಇದಕ್ಕೇ.

ಹುಡುಕಿದ್ದು ಹೇಗೆ ಅಂದರೆ, ಅಕ್ವೇರಿಯಂ ಅಂಗಡಿಯಲ್ಲಿ ಸಿಗೋ ಥರದ ಪಾರದರ್ಶಕ ಪೈಪ್ ಒಂದು ಗೇಣು ತಂದು ಪಂಪಿಗೆ ಡೀಸೆಲ್ ಬರೋ ಕಡೆ ಒಂದು ತುಂಡು, ವಾಪಸ್ ಹೋಗೋ ಕಡೆ ಒಂದು ತುಂಡು ಹಾಕಿದೆ. ಪರೀಕ್ಷೆಗೆ ಮಾತ್ರ, ಆ ಪೈಪ್ ಡೀಸೆಲ್ಲಿಗೆ ಬಾಳಲ್ಲ. ರಾತ್ರಿ ಮಲಗೋ ಮುಂಚೆ ಟಾರ್ಚ್ ಬಿಟ್ಟು ನೋಡಿದರೆ ತುಂಬಿದ ಡೀಸೆಲ್. ಬೆಳಿಗ್ಗೆ ನೋಡಿದರೆ ವಾಪಸ್ ಕಡೆಯದರಲ್ಲಿ ಮೂರು ಇಂಚು ಖಾಲಿ. ಹಿಂಬಾಲಿಸಿಕೊಂಡು ಹೋದೆ. ನಾಝಲ್‌ಗಳ ತಲೆಯಿಂದ ಮಿಕ್ಕ ಡೀಸೆಲ್ ವಾಪಸ್ ಹೋಗೋಕೆ ನೂಲು ಸುತ್ತಿದ ಸಣ್ಣ ರಬ್ಬರ್ ಪೈಪ್ ಇರುತ್ತೆ. ಕೊನೇ ನಾಝಲ್‌ನ ಮೂತಿಗೆ ಒಂದು ರಬ್ಬರ್ ಟೋಪಿ, ಕಿರುಬೆರಳಿನ ಉಗುರಿನಷ್ಟು. ಅದು ಎಂಜಿನ್ ಕಾವಿಗೆ ಒಣಗಿ, ಬೇಸಿಗೆಯಲ್ಲಿ ಕೆರೆಯ ಮಣ್ಣು ಬಿರಿಯೋ ಹಾಗೆ ಬಿರಿದಿತ್ತು. ಹೊಸ ಟೋಪಿಗೆ ಕೊಟ್ಟದ್ದು ಎರಡು ಕಾಫಿಯ ದುಡ್ಡು.

ಇಲ್ಲಿ ಒಂದು ಸೂಕ್ಷ್ಮ ಇದೆ. ಟ್ಯಾಂಕಿನಿಂದ ಪಂಪಿನ ತನಕ ಇರೋದು ಎಳೆಯೋ ಕಡೆ. ಅಲ್ಲಿ ಸಂದಿ ಬಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕದೇ ಇರಬಹುದು, ಗಾಳಿ ಒಳಗೆ ಹೋಗುತ್ತೆ. ಕೆಳಗೆ ಒದ್ದೆ ಇಲ್ಲ, ಹಾಗಾಗಿ ಲೀಕ್ ಇಲ್ಲ ಅನ್ನಬೇಡಿ. ಫಿಲ್ಟರ್ ಬದಲಾಯಿಸಿದ ವಾರದಲ್ಲಿ ಈ ತೊಂದರೆ ಶುರುವಾಯ್ತಾ? ಹಾಗಿದ್ದರೆ ಫಿಲ್ಟರಿನ ವಾಷರ್ ಮೇಲೇ ಮೊದಲ ಅನುಮಾನ. ತಾಮ್ರದ ವಾಷರ್ ಹಳೆಯದನ್ನೇ ಹಾಕಿರ್ತಾರೆ, ಕ್ಲಿಪ್ ಅರ್ಧ ಬಿಗಿದಿರ್ತಾರೆ. ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ: ಬೆಳಿಗ್ಗೆ ಸೆಲ್ಫ್ ಹೊಡೆಯೋ ಮುಂಚೆ ಫಿಲ್ಟರ್ ಮೇಲಿರೋ ಕೈಪಂಪನ್ನ, ಅಂದರೆ ಪ್ರೈಮರ್ ಅನ್ನ, ಗಟ್ಟಿಯಾಗೋ ತನಕ ಒತ್ತಿ. ಆಮೇಲೆ ಸೆಲ್ಫ್ ಹೊಡೆದರೆ ತಕ್ಷಣ ಸ್ಟಾರ್ಟ್ ಆಯ್ತು ಅಂದರೆ ಕಳ್ಳ ಸಿಕ್ಕಿದ. ಎಲ್ಲಿ ಅಡಗಿದ್ದಾನೆ ಅಂತ ಹುಡುಕೋದು ಮಾತ್ರ ಬಾಕಿ.

ಹೊಗೆಯೂ ಇಲ್ಲ, ಪ್ರೈಮರ್ ಒತ್ತಿದರೂ ಇಲ್ಲ ಅಂದರೆ ಪಂಪಿನ ಹಿಂಭಾಗದಲ್ಲಿ ಒಂದು ಒಂಟಿ ವೈರ್ ಹೋಗಿರುತ್ತೆ, ಅದನ್ನ ಅಲುಗಾಡಿಸಿ. ಅದು ಸ್ಟಾಪ್ ಸೊಲೆನಾಯ್ಡ್. ಕೀ ಆನ್ ಮಾಡಿದಾಗ ಅದು ಟಕ್ ಅನ್ನಬೇಕು. ಅನ್ನಲಿಲ್ಲ ಅಂದರೆ ಪಂಪಿನ ಬಾಗಿಲಿಗೆ ಬೀಗ ಬಿದ್ದಿದೆ ಅಂತ. ಎಷ್ಟೋ ಸಲ ಇಲಿ ಆ ವೈರ್ ಕಡಿದಿರುತ್ತೆ. ನಮ್ಮ ಕಡೆ ತೋಟದ ಮನೆ ಶೆಡ್ಡುಗಳಲ್ಲಂತೂ ಡೀಸೆಲ್ ಕಾರಿಗೆ ಇಲಿಯಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ.

ಪಂಪ್ ಅಂದಾಗ ಒಂದು ಮಾತು ಹೇಳದೆ ಮುಂದೆ ಹೋಗೋಕಾಗಲ್ಲ. ನಮ್ಮ ಹಳೇ ಮೆಕ್ಯಾನಿಕ್‌ಗಳು ಯಾವ ಕಂಪನಿಯ ಗಾಡಿ ಬರಲಿ, 'ಮೈಕೋ ಪಂಪ್' ಅಂತಲೇ ಅನ್ನೋರು. 1951ರಲ್ಲಿ ಶುರುವಾದ ಮೋಟರ್ ಇಂಡಸ್ಟ್ರೀಸ್ ಕಂಪನಿಯ ಹೆಸರಿನ ಮೊದಲ ಅಕ್ಷರಗಳು ಸೇರಿ ಮೈಕೋ ಆಯ್ತು. ಬೆಂಗಳೂರಿನ ಆಡುಗೋಡಿಯಲ್ಲಿ ಅದರ ಕಾರ್ಖಾನೆ ಇತ್ತು, ಅದರ ಹೆಸರಿನ ಒಂದು ಬಡಾವಣೆಯೇ ಇದೆ. 2008ರಲ್ಲಿ ಕಂಪನಿ ಬಾಷ್ ಲಿಮಿಟೆಡ್ ಅಂತ ಹೆಸರು ಬದಲಾಯಿಸಿಕೊಂಡಿತು. ಮೆಕ್ಯಾನಿಕ್‌ಗಳು ಮಾತ್ರ ಬದಲಾಯಿಸಲಿಲ್ಲ. ಆ ಪಂಪಿನೊಳಗಿನ ಭಾಗಗಳು ಒಂದಕ್ಕೊಂದು ಕೂದಲೆಳೆಗಿಂತ ಎಷ್ಟೋ ಪಟ್ಟು ಕಡಿಮೆ ಸಂದಿಯಲ್ಲಿ ಕೂತಿರ್ತವೆ, ಅವಕ್ಕೆ ಎಣ್ಣೆಯೂ ಡೀಸೆಲ್ಲೇ. ನೀರು ಸೇರಿದ ಡೀಸೆಲ್ ಹೋದರೆ ಅದಕ್ಕೆ ವಿಷ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ, ಅರ್ಧ ಖಾಲಿ ಟ್ಯಾಂಕಿನಲ್ಲಿ ತೇವ ಸೇರುತ್ತೆ. ಫಿಲ್ಟರಿನ ಬುಡದಲ್ಲಿರೋ ಸ್ಕ್ರೂ ಸಡಿಲಿಸಿ ಗಾಜಿನ ಲೋಟಕ್ಕೆ ಸ್ವಲ್ಪ ಬಿಟ್ಟು ನೋಡಿ. ನೀರಿದ್ದರೆ ಕೆಳಗೆ ಬೇರೆಯಾಗಿ ನಿಲ್ಲುತ್ತೆ. ಮಳೆಗಾಲದಲ್ಲಿ ತಿಂಗಳಿಗೊಂದು ಸಲ ಮಾಡಿ.

ಸೆಲ್ಫ್ ಊಂ... ಅಂತ ಎಳೆಯೋ ಕೇಸು ಸುಲಭದ್ದು. ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೀರಿ. ದೀಪ ಪೂರ್ತಿ ಮಂಕಾಯ್ತು ಅಂದರೆ ಬ್ಯಾಟರಿ ಇಲ್ಲವೇ ಟರ್ಮಿನಲ್. ಮೀಟರ್ ಇದ್ದರೆ, ರಾತ್ರಿ ಸುಮ್ಮನಿದ್ದ ಒಳ್ಳೇ ಬ್ಯಾಟರಿ 12.6 ವೋಲ್ಟ್ ಹತ್ತಿರ ತೋರಿಸಬೇಕು, ಸೆಲ್ಫ್ ಹೊಡೆಯೋವಾಗ 9.6ಕ್ಕಿಂತ ಕೆಳಗೆ ಹೋಗಬಾರದು. ಹೊಸ ಬ್ಯಾಟರಿ ಹಾಕಿದರೂ ಎಳೆಯುತ್ತೆ ಅನ್ನೋರು ಅರ್ತ್ ವೈರ್ ನೋಡಿ, ಎಂಜಿನ್ನಿನಿಂದ ಬಾಡಿಗೆ ಬಂದಿರೋ ಹೆಣೆದ ಪಟ್ಟಿ. ಹತ್ತು ಸೆಕೆಂಡ್ ಸೆಲ್ಫ್ ಹೊಡೆದು ಅದರ ತುದಿ ಮುಟ್ಟಿ. ಬಿಸಿ ಇದ್ದರೆ ಅಲ್ಲಿ ತುಕ್ಕು ಕೂತಿದೆ. ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ, ಬಿಗಿ ಮಾಡಿ. ಹದಿನೈದು ಸೆಕೆಂಡಿಗಿಂತ ಜಾಸ್ತಿ ಒಂದೇ ಸಮ ಸೆಲ್ಫ್ ಹೊಡೀಬೇಡಿ, ಮೋಟರ್ ಸುಟ್ಟುಕೊಳ್ತೀರಿ. ನಡುವೆ ಒಂದು ನಿಮಿಷ ಬಿಡಿ.

ಇನ್ನು ಕೆಟ್ಟ ಸುದ್ದಿ. ನಾಲ್ಕೂ ಹೀಟರ್ ಹೊಸದು, ಏರ್ ಇಲ್ಲ, ಸೆಲ್ಫ್ ಜೋರಾಗಿದೆ, ಆದರೂ ಬಿಳಿ ಹೊಗೆ ಕಾರಿಕೊಂಡು ಕೆಮ್ಮುತ್ತೆ. ಆಗ ಅದುಮಿದ ಗಾಳಿಯ ಒತ್ತಡ ಅಳೆಯೋ ಕಂಪ್ರೆಷನ್ ಗೇಜ್ ಹಾಕಿ ನೋಡಲೇಬೇಕು. ಈ ಎಂಜಿನ್‌ಗಳು ಆರೋಗ್ಯವಾಗಿದ್ದಾಗ 25ರಿಂದ 30 ಬಾರ್ ಒತ್ತಡ ತೋರಿಸ್ತವೆ. 20ರ ಕೆಳಗೆ ಇಳಿದರೆ, ಅಥವಾ ಒಂದು ಸಿಲಿಂಡರ್ ಮಾತ್ರ ಉಳಿದವಕ್ಕಿಂತ ತೀರಾ ಹಿಂದೆ ಬಿದ್ದರೆ, ಅದುಮಿದ ಗಾಳಿ ಪಿಸ್ಟನ್ ರಿಂಗಿನ ಸಂದಿಯಲ್ಲೋ ವಾಲ್ವಿನ ಸಂದಿಯಲ್ಲೋ ಸೋರ್ತಿದೆ. ಆದರೂ ಎಂಜಿನ್ ಬಿಚ್ಚೋಕೆ ಒಪ್ಪೋ ಮುಂಚೆ, ವಾಲ್ವನ್ನ ಒತ್ತಿ ತೆರೆಯೋ ಟ್ಯಾಪೆಟ್‌ನ ಸಂದಿ ನೋಡಿಸಿ. ಸಂದಿ ಬಿಗಿಯಾಗಿ ವಾಲ್ವ್ ಪೂರ್ತಿ ಮುಚ್ಚದೆ ಇದ್ದರೂ ಇದೇ ಲಕ್ಷಣ. ಟೈಮಿಂಗ್ ಬೆಲ್ಟ್ ಬದಲಾಯಿಸಿದ ಮೇಲೆ ಶುರುವಾದ ತೊಂದರೆಯಾದರೆ, ಒಂದು ಹಲ್ಲು ಆಚೀಚೆ ಕೂತಿರಬಹುದು. ಯಾವಾಗಿಂದ ಶುರುವಾಯ್ತು ಅಂತ ಹೇಳಿದರೆ ಮೆಕ್ಯಾನಿಕ್‌ಗೆ ಅರ್ಧ ದಿನದ ಕೆಲಸ ಉಳಿಯುತ್ತೆ. ಡೈರಿ ಇಡಿ ಅಂದರೆ ನಗ್ತೀರಿ. ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರಿನಲ್ಲೇ ಬರೀರಿ.

"ನನ್ನದು ಉಲ್ಟಾ ಸರ್. ಬೆಳಿಗ್ಗೆ ಸಲೀಸು. ಹಾಸನಕ್ಕೆ ಹೋಗಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಬಂದರೆ ಸ್ಟಾರ್ಟೇ ಆಗಲ್ಲ."

ಹಾಗಿದ್ದರೆ ನಿಮ್ಮದು ಪಂಪ್ ಇರಬಹುದು, ಈ ಸಲ ನಿಜವಾಗಿ. ಸವೆದ ಪಂಪಿನಲ್ಲಿ ತಣ್ಣಗಿನ ಡೀಸೆಲ್ ದಪ್ಪ ಇರೋದರಿಂದ ಹೇಗೋ ಒತ್ತಡ ನಿಲ್ಲುತ್ತೆ. ಕಾದ ಡೀಸೆಲ್ ನೀರಿನ ಹಾಗೆ ತೆಳು, ಸವೆದ ಸಂದಿಯಲ್ಲಿ ಜಾರಿಹೋಗುತ್ತೆ. ಮುಂದಿನ ಸಲ ಹಾಗಾದಾಗ ಒಂದು ಟವೆಲ್ ಒದ್ದೆ ಮಾಡಿ, ಎಂಜಿನ್ ನಿಂತಿರೋವಾಗಲೇ, ಪಂಪಿನ ಮೇಲೆ ಹತ್ತು ನಿಮಿಷ ಹೊದಿಸಿ. ಆಮೇಲೆ ಸ್ಟಾರ್ಟ್ ಆದರೆ ಪಂಪ್ ರೂಮಿಗೆ ಹೋಗೋದು ನ್ಯಾಯ. ಬಿಂದಿಗೆಯಲ್ಲಿ ತಣ್ಣೀರು ಸುರಿಯಬೇಡಿ, ಓಡ್ತಿರೋ ಎಂಜಿನ್ ಮೇಲಂತೂ ಬೇಡವೇ ಬೇಡ. ಒಳಗಿನ ಸಂದಿ ಹಠಾತ್ತನೆ ಕುಗ್ಗಿ ಪಂಪ್ ಕಚ್ಚಿಕೊಂಡುಬಿಡುತ್ತೆ.

ಮಾಡಬಾರದ ಇನ್ನೊಂದು: ಏರ್ ಫಿಲ್ಟರ್ ಬಿಚ್ಚಿ ಗಾಳಿ ಎಳೆಯೋ ಬಾಯಿಗೆ ಬೆಂಕಿ ಹಚ್ಚಿದ ಬಟ್ಟೆ ಹಿಡಿಯೋದು, ಪೆಟ್ರೋಲ್ ಬಟ್ಟೆ ಇಡೋದು, ಸ್ಪ್ರೇ ಹೊಡೆಯೋದು. ಹಳೇ ಟ್ರ್ಯಾಕ್ಟರ್‌ಗೆ ಮಾಡ್ತಿದ್ದರು ಅಂತ ಕಾರಿಗೂ ಮಾಡ್ತಾರೆ. ಒಳಗೆ ಕೆಂಪಗೆ ಕಾದ ಹೀಟರ್ ಪ್ಲಗ್ ಇರೋ ಎಂಜಿನ್ನಿಗೆ ಸ್ಪ್ರೇ ಹೊಡೆದರೆ ಪಿಸ್ಟನ್ ಇನ್ನೂ ಮೇಲೆ ಬರ್ತಿರೋವಾಗಲೇ ಸಿಡಿಯುತ್ತೆ. ರಿಂಗ್ ಕೂರೋ ಅಂಚು ಮುರಿಯುತ್ತೆ. ಅವತ್ತು ಸ್ಟಾರ್ಟ್ ಆಗಬಹುದು, ಆರು ತಿಂಗಳಿಗೆ ಅದರ ಬಿಲ್ ಬರುತ್ತೆ.

"2007ರ ಸ್ವಿಫ್ಟ್ ಡೀಸೆಲ್ ಇದೆ. ಅದಕ್ಕೂ ಇದೇ ಲೆಕ್ಕವಾ ಮೇಷ್ಟ್ರೇ?"

ಹೊಗೆಯ ಲೆಕ್ಕ ಅದೇ, ಕೈ ಹಾಕೋ ಲೆಕ್ಕ ಬೇರೆ. ಅದು 1248 ಸಿಸಿಯ ಕಾಮನ್ ರೈಲ್ ಎಂಜಿನ್, ಅಂದರೆ ರೈಲ್ ಅನ್ನೋ ಒಂದೇ ಕೊಳವೆಯಿಂದ ಎಲ್ಲ ನಾಝಲ್‌ಗೂ ಡೀಸೆಲ್ ಹೋಗುತ್ತೆ. ಸೆಲ್ಫ್ ಹೊಡೆಯೋವಾಗ ರೈಲಿನಲ್ಲಿ ಹೆಚ್ಚುಕಡಿಮೆ 200 ಬಾರ್ ಆದರೂ ಒತ್ತಡ ಕಟ್ಟದಿದ್ದರೆ ಕಂಪ್ಯೂಟರ್ ನಾಝಲ್ ತೆರೆಯೋಕೇ ಬಿಡಲ್ಲ. ನಾಝಲ್ ಸವೆದು ವಾಪಸ್ ಜಾಸ್ತಿ ಬಿಟ್ಟರೆ ಆ ಒತ್ತಡ ಕಟ್ಟಲ್ಲ. ನಾಲ್ಕು ವಾಪಸ್ ಪೈಪಿಗೆ ನಾಲ್ಕು ಸಣ್ಣ ಬಾಟಲಿ ಕಟ್ಟಿ ಯಾವುದು ಬೇಗ ತುಂಬುತ್ತೆ ಅಂತ ನೋಡ್ತಾರೆ. ಆ ಕೆಲಸ ಗೊತ್ತಿರೋರ ಹತ್ತಿರ ಮಾಡಿಸಿ. ಒಂದು ಮಾತು ಮರೀಬೇಡಿ: ಹಳೇ ಗಾಡಿಯಲ್ಲಿ ನಾಝಲ್ ನಟ್ ಸಡಿಲಿಸಿ ಏರ್ ತೆಗೆಯೋ ಅಭ್ಯಾಸ ಇರೋರು ಇದರಲ್ಲಿ ಅದನ್ನ ಮಾಡಬಾರದು. ಓಡೋವಾಗ ಒಳಗೆ 1,000 ಬಾರ್ ದಾಟಬಹುದು. ಸೂಜಿಯಂಥ ಆ ಧಾರೆ ಚರ್ಮ ತೂರಿ ಮಾಂಸದೊಳಗೆ ಡೀಸೆಲ್ ಹೊಗಿಸುತ್ತೆ, ಬೆರಳೇ ತೆಗೆಯಬೇಕಾದೀತು.

"ಚಳಿಗೆ ಡೀಸೆಲ್ ಗಟ್ಟಿಯಾಗುತ್ತೆ ಅಂತಾರಲ್ಲ?"

ಇಲ್ಲಿ ಆಗಲ್ಲ, ಸಕಲೇಶಪುರದ ಚಳಿಯನ್ನ ಅಷ್ಟು ದೊಡ್ಡದು ಮಾಡಬೇಡಿ. ಲಡಾಖ್‌ಗೆ ಹೋಗೋರಿಗೆ ಆ ಚಿಂತೆ ಇರಲಿ. ಅಲ್ಲಿ ಚಳಿಗಾಲದಲ್ಲಿ ಡೀಸೆಲ್ಲಿನ ಮೇಣ ಹೆಪ್ಪುಗಟ್ಟಿ ಫಿಲ್ಟರ್ ಕಟ್ಟುತ್ತೆ. ಅದಕ್ಕೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯ ತನಕ ಹರಿಯೋ ಚಳಿಗಾಲದ ಡೀಸೆಲ್ಲನ್ನೇ ಅಲ್ಲಿಗೆ ತಂದಿತು.

ಕೊನೇ ಪ್ರಶ್ನೆ ಅಂದಿರಿ, ಕೇಳಿ.

"ಹಳೇ ಡೀಸೆಲ್ ಕಾರು ಒಂದು ನೋಡಿದೀನಿ ಸರ್, ದೆಹಲಿ ನಂಬರಿಂದು. ರೇಟು ಕಡಿಮೆ ಇದೆ. ತಗೊಳ್ಳಲಾ?"

ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ದೆಹಲಿಯಲ್ಲಿ ಓಡಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿದ ಮೇಲೆ ಅಲ್ಲಿಯ ಗಾಡಿಗಳು ಬೇರೆ ರಾಜ್ಯಗಳಿಗೆ ಬರೋಕೆ ಶುರುವಾದವು. ಒಳ್ಳೆಯವೂ ಇರ್ತವೆ. ಕಾಗದಪತ್ರ, ಎನ್‌ಒಸಿ ಎಲ್ಲ ಆಮೇಲೆ. ಮಾರೋರು ಹತ್ತು ಗಂಟೆಗೆ ಬನ್ನಿ ಅಂದರೆ ಹೇಳದೆ ಕೇಳದೆ ಆರೂವರೆಗೆ ಹೋಗಿ ನಿಂತುಬಿಡಿ. ಕೀ ಕೇಳೋ ಮುಂಚೆ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಅವರು ನಿಮಗಿಂತ ಮುಂಚೆ ಎದ್ದಿದ್ದಾರೆ ಅಂತ. ಕಾಫಿ ಕೊಟ್ಟರೆ ಕುಡಿದು ಬನ್ನಿ, ಮಾರನೇ ದಿನ ಐದೂವರೆಗೆ ಹೋಗಿ.

ಆಗ ಮೂರನೇ ಸಾಲಿನಿಂದ, ಇಷ್ಟು ಹೊತ್ತೂ ಬಾಯಿ ಬಿಡದೆ ಕೂತಿದ್ದ ಅಂಗಳದ ಕಾರಿನ ಮಾಲೀಕರು ತಲೆ ಕೆರೆದುಕೊಳ್ಳುತ್ತಾ ಎದ್ದರು. "ನಾನು ಇದನ್ನ ನೋಡೋಕೆ ಹೋಗಿದ್ದು ಮಧ್ಯಾಹ್ನ ಮೂರು ಗಂಟೆಗೆ ಮೇಷ್ಟ್ರೇ," ಅಂದರು. "ಗಾಡಿ ಸ್ಟಾರ್ಟ್ ಮಾಡಿ ಗೇಟಿನ ಹತ್ತಿರವೇ ನಿಲ್ಲಿಸಿದ್ದರು. ಎಷ್ಟು ಮರ್ಯಾದಸ್ಥರು ಅಂದುಕೊಂಡೆ."